ಶಿಡ್ಲಘಟ್ಟದ ಲೈನು

ನಾನು ಹತ್ತನೇ ಕ್ಲಾಸು ಪಾಸಾಗಿಲ್ಲ. ಕಂಪ್ಯೂಟರ್ ಕೆಲಸಕ್ಕೆ ನನ್ನನ್ನು ಸೇರಿಸಿಕೊಂಡದ್ದು ಗೋಡೆಗೆ ಮೊಳೆ ಹೊಡೆಯಲು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಚಿಕ್ಕಬಳ್ಳಾಪುರದಲ್ಲಿ ಒಂದು ಕಂಪನಿ, ರೇಷ್ಮೆ ಹುಳು ಸಾಕುವವರಿಗೆ ಬೇಕಾದ ಸಾಮಾನು, ಔಷಧಿ, ಗೊಬ್ಬರ ಮಾರುತ್ತಿತ್ತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಲ್ಲಿ ಅದರ ಬ್ರಾಂಚುಗಳು. ಬ್ರಾಂಚಿಗೆ ನಾಲ್ಕೈದು ಕಂಪ್ಯೂಟರ್. ಅವನ್ನು ಒಂದಕ್ಕೊಂದು ಸೇರಿಸುವ ಕಪ್ಪು ವೈರನ್ನು ಗೋಡೆಯುದ್ದಕ್ಕೂ ಎಳೆದವನು ನಾನು. ಎಳೆದು ಮುಗಿದ ಮೇಲೆ ಮನೆಗೆ ಕಳಿಸುತ್ತಾರೆ ಅಂದುಕೊಂಡಿದ್ದೆ. ಬೆಂಗಳೂರಿನಿಂದ ಬಂದುಹೋಗುತ್ತಿದ್ದ ಸಿಸ್ಟಮ್ ಸರ್ ನನ್ನನ್ನು ಇಟ್ಟುಕೊಂಡರು. ವೈರು ಎಲ್ಲೆಲ್ಲಿ ಹೋಗಿದೆ ಅಂತ ಗೊತ್ತಿದ್ದವನು ನಾನೊಬ್ಬನೇ.

ಕಂಪನಿಗೆ ಆಗ ಒಂದು ತಲೆನೋವಿತ್ತು. ಯಾವ ಊರಿನ ಕಂಪ್ಯೂಟರಿನೊಳಗೆ ಏನಿದೆ, ಯಾರು ಏನು ಹಾಕಿಕೊಂಡು ಕೂತಿದ್ದಾರೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಫೋನ್ ಮಾಡಿ ಯಾವ ಮಿಷನ್ ಅಂತ ಕೇಳಿದರೆ ಬ್ರಾಂಚಿನವರು ಟಿವಿಯಂಥ ಮಾನಿಟರನ್ನು ನೋಡಿ, ಬಿಳೀದು ಸಾರ್, ದೊಡ್ಡದು, ಅನ್ನುತ್ತಿದ್ದರು. ಸರ್ ಅದಕ್ಕೊಂದು ಸಣ್ಣ ಪ್ರೋಗ್ರಾಂ ತಂದರು.

ಪ್ರತಿ ಬ್ರಾಂಚಿನ ಮೂಲೆಯಲ್ಲಿ ಸರ್ವರ್ ಅಂತ ಒಂದು ದೊಡ್ಡ ಮಿಷನ್. ಬೆಳಿಗ್ಗೆ ಬಂದವರು ತಮ್ಮ ಮಿಷನ್ ಹಾಕಿ ಹೆಸರು, ಪಾಸ್‌ವರ್ಡ್ ಒತ್ತಬೇಕು. ಒತ್ತಿದ ಕೂಡಲೇ, ಮೆನು ಬರುವ ಮೊದಲು, ಸರ್ವರಿನಿಂದ ಆ ಪ್ರೋಗ್ರಾಂ ಬಂದು ಮಿಷನ್ನಿನೊಳಗೆ ಒಂದು ಸುತ್ತು ಹಾಕುತ್ತಿತ್ತು. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಡಿಸ್ಕ್ ಎಷ್ಟು, ಡಿಸ್ಕಿನಲ್ಲಿ ಯಾವ್ಯಾವ ಪ್ರೋಗ್ರಾಂ ಕೂತಿವೆ, ಎಲ್ಲ ನೋಡಿಕೊಂಡು ಸರ್ವರಿನಲ್ಲಿ ಒಂದು ಚಿಕ್ಕ ಫೈಲು ಬರೆದಿಡುತ್ತಿತ್ತು. ಕೂತವರಿಗೆ ತಿಳಿಯುತ್ತಲೇ ಇರಲಿಲ್ಲ. ಸಂಜೆ ನಾನು ಚಿಕ್ಕಬಳ್ಳಾಪುರದಿಂದ ಫೋನ್ ಲೈನಿನ ಮೇಲೆ ಆ ಫೈಲುಗಳನ್ನು ಎಳೆದುಕೊಳ್ಳುತ್ತಿದ್ದೆ. ನಮ್ಮ ಮಿಷನ್ ನಿನ್ನೆಯದನ್ನೂ ಇವತ್ತಿನದನ್ನೂ ಹೋಲಿಸಿ ಬೇರೆಯಾದದ್ದನ್ನು ಮಾತ್ರ ಪ್ರಿಂಟ್ ಹಾಕುತ್ತಿತ್ತು. ಯಾರಾದರೂ ಆ ದಿನ ಮಿಷನ್ ಹಾಕದಿದ್ದರೆ ಅವರ ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಮಿಸ್ಸಿಂಗ್’ ಅಂತ ಬರುತ್ತಿತ್ತು. ನನಗೆ ಇಂಗ್ಲಿಷ್ ಬರದು. ಆದರೆ ಆ ಪದದ ಆಕಾರ ಗೊತ್ತಿತ್ತು.

ಮಿಷನ್ನಿಗೆ ಅಂತ ಬೇರೆ ಹೆಸರಿರಲಿಲ್ಲ. ಲಾಗಿನ್ ಆದವರ ಹೆಸರೇ ಮಿಷನ್ನಿನ ಹೆಸರು. ಒಬ್ಬೊಬ್ಬರದು ಒಂದೊಂದು ಟೇಬಲ್, ಅದು ಬದಲಾಗುವುದಿಲ್ಲ ಅಂತ ಸರ್ ಹಾಗೆ ಮಾಡಿದ್ದರು. ಇನ್ನು ಆಫ್ ಆಗಿರುವ ಮಿಷನ್ ಆ ಪ್ರೋಗ್ರಾಂ ಪಾಲಿಗೆ ಇಲ್ಲವೇ ಇಲ್ಲ. ಅದರೊಳಗೆ ಏನಿದೆ ಅಂತ ಕೇಳಿ ಉಪಯೋಗವಿಲ್ಲ. ಕಣ್ಣಿಗೆ ಗುರುತು ಸಿಗಲಿ ಅಂತ ನಾನು ಪ್ರತಿ ಮಿಷನ್ನಿನ ತಗಡಿನ ಕ್ಯಾಬಿನೆಟ್ಟಿನ ಮೇಲೂ ನಂಬರ್ ಬರೆದ ಚೀಟಿಯನ್ನು ಗೋಂದಿನಲ್ಲಿ ಅಂಟಿಸಿದ್ದೆ.

ಈ ಕೆಲಸದಿಂದ ನನಗೆ ‘ಪೊಲೀಸು’ ಅಂತ ಹೆಸರು ಬಂತು. ಚಿಂತಾಮಣಿಯ ಕ್ಯಾಶಿಯರ್ ಒಬ್ಬರು ತಮ್ಮ ಮಿಷನ್ನಿಗೆ ಇಸ್ಪೀಟಿನ ಆಟ ಹಾಕಿಕೊಂಡಿದ್ದರು. ಪ್ರೋಗ್ರಾಂ ಹಿಡಿಯಿತು, ಹೆಡ್ಡಾಫೀಸಿನ ಮ್ಯಾನೇಜರ್ ಬೈದರು, ನಾನು ಹೋಗಿ ಅಳಿಸಿದೆ. ಅಲ್ಲಿಂದ ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಗೌರಿಬಿದನೂರಿನಲ್ಲಿ ಎಲ್ಲರಿಗೂ ಟೀ ತರಿಸುವಾಗ ಒಂದು ಲೋಟ ಕಮ್ಮಿ ಬರುತ್ತಿತ್ತು. ಯಾರೂ ಬೇಕಂತ ಮಾಡುತ್ತಿರಲಿಲ್ಲ. ನಾನು ಲೆಕ್ಕದಲ್ಲಿ ಇರುತ್ತಿರಲಿಲ್ಲ, ಅಷ್ಟೆ.

ಚಿಕ್ಕಬಳ್ಳಾಪುರದಲ್ಲಿ ಸೈಕಲ್ ಶಾಪಿನ ಹಿಂದೆ ನನ್ನ ರೂಮು. ಊಟ ಮೆಸ್ಸಿನಲ್ಲಿ. ನಮ್ಮೂರು ಕೆಂಚಾರ್ಲಹಳ್ಳಿ, ಅಣ್ಣನ ಮನೆ. ಚಿಂತಾಮಣಿವರೆಗೆ ಹೋದರೂ ಅಲ್ಲಿಗೆ ಹೋಗುತ್ತಿರಲಿಲ್ಲ. ನಮ್ಮ ಮನೆ ಮಾತು ತೆಲುಗು. ನಾನು ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ‘ಎಪ್ಪುಡು ಪೋತಾವು’ ಅಂತ, ಯಾವಾಗ ವಾಪಸ್ ಹೋಗುತ್ತೀಯ ಅಂತ ಕೇಳುತ್ತಿದ್ದರು. ಭಾನುವಾರ ಒಂದು ಮಾತೂ ಆಡದೆ ಮಲಗಿದ್ದುಂಟು. ಸೋಮವಾರ ಬಾಯಿ ತೆರೆದರೆ ದನಿ ಕಟ್ಟಿರುತ್ತಿತ್ತು.

ನನ್ನ ಜೊತೆ ಮಾತಾಡುತ್ತಿದ್ದವರು ಶಿಡ್ಲಘಟ್ಟದ ಆಪರೇಟರ್ ಅಕ್ಕ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಉರ್ದು. ಅವರ ಅಣ್ಣನದು ಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಮನೆ. ಅಕ್ಕ ಟೈಪಿಂಗ್ ಕಲಿತು, ಹಟ ಮಾಡಿ ಈ ಕೆಲಸಕ್ಕೆ ಬಂದವರು. ಅಣ್ಣ ಒಪ್ಪುವಾಗ ಒಂದು ಷರತ್ತು ಹಾಕಿದ್ದರು. ಆಫೀಸಿಂದ ನಿನ್ನ ಮೇಲೆ ಒಂದು ಮಾತು ಮನೆಗೆ ಬಂದರೂ ಅವತ್ತಿಗೆ ಕೆಲಸ ಮುಗೀತು. ಅಕ್ಕ ಇದನ್ನು ನಗುತ್ತಲೇ ಹೇಳಿದ್ದರು. ಹೇಳಿ, ಅದಕ್ಕೇ ನಾನು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಆಮೇಲೆ ಹೋಗೋದು, ಅಂದಿದ್ದರು.

ರೈತರಿಗೆ ಹೋಗುವ ಕನ್ನಡ ಕಾಗದಗಳನ್ನೆಲ್ಲ ಅವರೇ ಹೊಡೆಯುತ್ತಿದ್ದರು. ಕನ್ನಡದ ಪ್ರೋಗ್ರಾಂ ಭಾರ, ಅದಕ್ಕೆ ಅವರ ಮಿಷನ್ನಿಗೆ ಹದಿನಾರು ಎಂಬಿ ಮೆಮೊರಿ ಹಾಕಿದ್ದೆವು. ಬೇರೆಯವರಿಗೆಲ್ಲ ಎಂಟು. ಮಿಕ್ಕಂತೆ ಪ್ರೊಸೆಸರ್, ಡಿಸ್ಕ್, ಹಾಕಿದ ಪ್ರೋಗ್ರಾಂ ಎಲ್ಲ ಮಿಷನ್ನಿಗೂ ಒಂದೇ, ಹೊಡೆದ ಕಾಗದಗಳು ಸರ್ವರಿನಲ್ಲಿ. ಮಿಷನ್ನಿಗೆ ಧೂಳು ಕೂರದ ಹಾಗೆ ಅವರೇ ಹಸಿರು ಬಟ್ಟೆಯ ಕವರ್ ಹೊಲಿದು ಹಾಕಿದ್ದರು, ಅಂಚಿಗೆ ಜರಿ ಪಟ್ಟಿ. ಅಲ್ಲಿನ ಎಲ್ಲ ಕ್ಯಾಬಿನೆಟ್ಟುಗಳ ಬೀಗದ ಕೀಗೊಂಚಲು ಅವರ ಡ್ರಾಯರಿನಲ್ಲೇ ಇರುತ್ತಿತ್ತು. ನಾನು ಹೋದ ದಿನ ಅರ್ಧ ಊಟ ನನಗೆ. ನಾನು ಅವರ ಮಿಷನ್ ನೋಡುತ್ತಿದ್ದರೆ, “ಎಷ್ಟು ಹುಡುಕಿದ್ರೂ ಅದ್ರೊಳಗೆ ಬಿರಿಯಾನಿ ಸಿಗಲ್ಲ ಕಣೋ, ಡಬ್ಬೀಲಿದೆ, ಬಾ” ಅನ್ನುತ್ತಿದ್ದರು.

ಸಂಜೆ ಫೈಲು ಎಳೆಯಲು ಮೊದಲು ಆ ಬ್ರಾಂಚಿಗೆ ನಾನು ಫೋನ್ ಮಾಡಬೇಕಿತ್ತು. ಮಾತಿಗೂ ಫೈಲು ಕಳಿಸುವ ಮೋಡೆಮ್ಮಿಗೂ ಒಂದೇ ಲೈನು. ಅಲ್ಲಿನವರು ಮೋಡೆಮ್ಮಿನ ಗುಂಡಿ ಒತ್ತಿ ಲೈನ್ ಬಿಡುತ್ತಾರೆ, ಕಿವಿಯಲ್ಲಿ ಕಿರುಚು ಕೇಳುತ್ತದೆ, ಆಗ ನಾನೂ ಗುಂಡಿ ಒತ್ತಿ ಫೋನ್ ಇಡಬೇಕು. ಆ ಕಿರುಚಿಗೆ ಅಕ್ಕ ಬೆಕ್ಕು ಅಂತ ಹೆಸರಿಟ್ಟಿದ್ದರು. ಬೆಕ್ಕು ಬಿಡುವ ಮೊದಲು ಊಟ ಆಯ್ತಾ, ಏನು ಸಾರು ಅಂತ ಕೇಳುತ್ತಿದ್ದರು. ನಾನು ಮೆಸ್ಸಿನ ಸಾರು ಬೈಯುತ್ತಿದ್ದೆ. “ಆಯ್ತು, ಬೆಕ್ಕು ಬಂತು, ಇಡು ಫೋನು.” ಅಷ್ಟೇ ಮಾತು. ಚಿಂತಾಮಣಿ, ಗೌರಿಬಿದನೂರನ್ನು ಮುಗಿಸಿ ಶಿಡ್ಲಘಟ್ಟವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ.

ಆ ವರ್ಷ ಆಯುಧಪೂಜೆ ಬಂತು. ಎಲ್ಲ ಬ್ರಾಂಚಿನಲ್ಲೂ ಕಂಪ್ಯೂಟರಿಗೆ ಪೂಜೆ. ಚಿಕ್ಕಬಳ್ಳಾಪುರದಲ್ಲಿ ಇದ್ದಲ್ಲೇ ಒರೆಸಿ ಕುಂಕುಮ ಇಟ್ಟು ಹೂವು ಮುಡಿಸಿದೆವು. ಶಿಡ್ಲಘಟ್ಟದಲ್ಲಿ ಹಾಗಲ್ಲ. ಅಲ್ಲಿ ಬ್ರಾಂಚಿನ ಉಸ್ತುವಾರಿ ಅಕೌಂಟೆಂಟರದು. ಮೇಲೂರಿನ ಜಮೀನಿನ ಮನೆಯವರು. ಅವರ ಮನೆಯಲ್ಲಿ ನೇಗಿಲು, ಕುಡುಗೋಲು, ತಕ್ಕಡಿ, ಪಂಪ್‌ಸೆಟ್ಟಿನ ಸ್ಪಾನರ್ ಎಲ್ಲವನ್ನೂ ದೇವರ ಮುಂದೆ ಒಂದೇ ಸಾಲಿನಲ್ಲಿಟ್ಟು ಪೂಜೆ ಮಾಡುವುದು ಪದ್ಧತಿ. ಆಫೀಸಿನಲ್ಲೂ ಹಾಗೇ ಮಾಡಿಸಿದರು. ಹಾಲ್ ತೊಳೆಸಿ, ತಕ್ಕಡಿ, ತೂಕದ ಕಲ್ಲು, ಸೈಕಲ್, ಎಲ್ಲ ಕ್ಯಾಬಿನೆಟ್ಟುಗಳನ್ನೂ ವೈರು ಬಿಚ್ಚಿ ಸಾಲಾಗಿ ಇಡಿಸಿದರು. ಅಟೆಂಡರ್ ಒಂದೊಂದನ್ನೂ ಸೋಪಿನ ನೀರಿನಲ್ಲಿ ಒರೆಸಿದ. ವಿಭೂತಿ, ಕುಂಕುಮ, ಬೂದುಗುಂಬಳ ಎಲ್ಲ ಆಯಿತು. ಅಕ್ಕನೂ ಕಡ್ಲೆಪುರಿ ತಿಂದು, ಮನೆಗೂ ಪೊಟ್ಟಣ ಕಟ್ಟಿಕೊಂಡು ಹೋದರಂತೆ. ವಿಜಯದಶಮಿ ಮುಗಿಸಿ ಅಕೌಂಟೆಂಟರು ಮಾವನ ಮನೆಗೆ ಹೋದರು. ಅಲ್ಲಿ ಜ್ವರ ಹಿಡಿದು ಉಳಿದುಬಿಟ್ಟರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಹಬ್ಬ ಕಳೆದು ಆಫೀಸು ತೆರೆದ ದಿನ ಸಂಜೆ ಫೋನಿನಲ್ಲಿ ಅಕ್ಕ ಊಟದ ಮಾತು ಎತ್ತಲಿಲ್ಲ.

“ನನ್ನ ಮಿಷನ್ ಯಾಕೋ ನಿಧಾನ ಆಗ್ಬಿಟ್ಟಿದೆ ಕಣಪ್ಪ. ಒಂದು ಅಕ್ಷರ ಒತ್ತಿದ್ರೆ ಚಹಾ ಕುಡ್ಕೊಂಡ್ ಬರ್ತದೆ.”

ನೋಡ್ತೀನಿ ಅಕ್ಕ, ಅಂದೆ. ಬೆಕ್ಕು ಕೂಗಿತು. ಪ್ರಿಂಟರ್ ಅವರ ಹೆಸರಿನ ಮುಂದೆ ಒಂದು ಸಾಲು ಹಾಕಿತು. ಮೆಮೊರಿ ಮೊದಲು ಹದಿನಾರು, ಈಗ ಎಂಟು. ಅಕೌಂಟೆಂಟರ ಹೆಸರಿನ ಮುಂದೆ ಮಿಸ್ಸಿಂಗ್. ರಜೆಯಲ್ಲಿರುವವರಿಗೆ ಅದು ಸಹಜ.

ಆ ಕಾಲದಲ್ಲಿ ಮೆಮೊರಿ ಅಂದರೆ ಚಿನ್ನ. ಬೆರಳುದ್ದದ ಪಟ್ಟಿ, ಜೇಬಿನಲ್ಲಿ ಹೋಗುತ್ತದೆ. ಬೇರೆ ಆಫೀಸುಗಳಲ್ಲಿ ಕಳುವಾದದ್ದು ಕೇಳಿದ್ದೆವು. ಕಾಗದ ದಿನಾ ಮ್ಯಾನೇಜರ್ ಟೇಬಲ್ಲಿಗೇ ಹೋಗುವುದು, ಹೋಯಿತು. ಬೆಳಿಗ್ಗೆ ಕರೆಸಿದರು. ಕೀ ಯಾರ ಹತ್ತಿರ ಇರುತ್ತದೆ ಅಂತ ಕೇಳಿದರು. ಅಕ್ಕನ ಹತ್ತಿರ ಅಂದೆ. ಮಿಷನ್ ನಿಧಾನವಾಗಿದೆ ಅಂತ ಅವರೇ ನನಗೆ ಹೇಳಿದರು ಸಾರ್, ಕದ್ದವರು ಯಾಕೆ ಹೇಳುತ್ತಾರೆ, ಅಂತಲೂ ಅಂದೆ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಹೋಗಿ ಬಿಚ್ಚಿ ನೋಡ್ಕೊಂಡ್ ಬಾರಯ್ಯ.”

ಸಿಸ್ಟಮ್ ಸರ್ ಹಬ್ಬದ ರಜೆಯಿಂದ ಇನ್ನೂ ಬಂದಿರಲಿಲ್ಲ. ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅಕ್ಕ ಟೇಬಲ್ಲಿಗೆ ಕೂತಿದ್ದರು. ಹಸಿರು ಕವರ್ ಮಡಿಸಿ ಪಕ್ಕದಲ್ಲಿತ್ತು. ಕ್ಯಾಬಿನೆಟ್ಟಿನ ಮೇಲೆ ಅವರ ನಂಬರಿನ ಚೀಟಿಯೇ ಇತ್ತು, ಅಂಚು ಸ್ವಲ್ಪ ಸುರುಟಿತ್ತು. ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ. ಮೆಮೊರಿ ಅರ್ಧ ತೋರಿಸುತ್ತಿದೆ, ಮ್ಯಾನೇಜರ್ ಬಿಚ್ಚಿ ನೋಡು ಅಂದಿದ್ದಾರೆ, ಅಂದೆ. ಅವರು ಡ್ರಾಯರ್ ತೆಗೆದು ಕೀ ಕೊಟ್ಟರು. ಬಿಚ್ಚಿದೆ. ಎಂಟೇ ಇತ್ತು.

ಅವರು ಬಗ್ಗಿ ನೋಡಿದರು. ಅವರಿಗೆ ಒಳಗಿನದು ಗೊತ್ತಾಗುವುದಿಲ್ಲ.

“ಏನಿಲ್ಲ ಅಲ್ಲಿ?” ಅಂದರು.

“ಅರ್ಧ ಇಲ್ಲ ಅಕ್ಕ.”

“ಕೀ ನನ್ನ ಹತ್ರಾನೇ ಇತ್ತಲ್ಲೋ.”

ತಾವು ಹೇಳಿದ ಮಾತು ಏನು ಅಂತ ಅವರಿಗೆ ಒಂದು ಗಳಿಗೆ ಆದಮೇಲೆ ಹೊಳೆಯಿತು. ಕುರ್ಚಿಯ ಮೇಲೆ ಕೂತರು. ಆಮೇಲೆ ಕೇಳಿದ್ದು ಒಂದೇ, ಇದು ಮನೆಗೆ ಹೋಗುತ್ತಾ ಅಂತ. ನನಗೆ ಗೊತ್ತಿಲ್ಲ ಅಂದೆ. ಊಟದ ಡಬ್ಬಿ ಅವತ್ತು ತೆಗೆಯಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಶಿಡ್ಲಘಟ್ಟಕ್ಕೆ ಫೋನ್ ಮಾಡಿ, ವಿಚಾರಣೆ ಮುಗಿಯುವವರೆಗೆ ಬರಬೇಡಿ ಅಂತ ಅಕ್ಕನಿಗೆ ಹೇಳಿದರು. ಅಟೆಂಡರಿಗೆ ಅವರ ಬ್ಯಾಗು ನೋಡಿ ಕಳಿಸಲು ಹೇಳಿದರು. ಅವನು ನೋಡದೇ ನೋಡಿದೆ ಅಂದ. ಅಷ್ಟಕ್ಕೇ ಬೀದಿಗೆ ವಿಷಯ ತಿಳಿದಿತ್ತು. ಶಿಡ್ಲಘಟ್ಟದಲ್ಲಿ ರೀಲಿಂಗ್ ಮನೆಯವರೂ ನಮ್ಮ ಆಫೀಸಿನವರೂ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುವವರು.

ಆಮೇಲಿನ ಸಂಜೆಗಳಲ್ಲಿ ಅಟೆಂಡರ್ ಫೋನ್ ಎತ್ತುತ್ತಿದ್ದ. ಹಲೋ ಅನ್ನುವ ಮೊದಲೇ ಗುಂಡಿ ಒತ್ತುತ್ತಿದ್ದ. ಪ್ರಿಂಟಿನಲ್ಲಿ ಶಿಡ್ಲಘಟ್ಟದ ಕೆಳಗೆ ಎರಡು ಮಿಸ್ಸಿಂಗ್. ಒಂದು ಅಕೌಂಟೆಂಟರದು, ಇನ್ನೊಂದು ಅಕ್ಕನದು. ನಾನು ಮೆಸ್ಸಿಗೆ ಹೋಗಿ ಏನು ಸಾರು ಅಂತ ನೋಡದೆ ಉಂಡು ಬರುತ್ತಿದ್ದೆ. ಒಂದು ದಿನ ರೂಮಿನಲ್ಲಿ ಕೂತು ನಾನೇ ಬಾಯಲ್ಲಿ ಮೋಡೆಮ್ಮಿನ ಹಾಗೆ ಕಿರುಚಿ ನೋಡಿದೆ. ಸೈಕಲ್ ಶಾಪಿನವನು ಏನಾಯ್ತಪ್ಪ ಅಂತ ಬಂದ. ಏನಿಲ್ಲ ಅಂದೆ. ಅವನಿಗೆ ಹೇಳಿದ್ದರೆ ಕೇಳುತ್ತಿದ್ದನೋ ಏನೋ, ಹೇಗೆ ಶುರು ಮಾಡುವುದು ಅಂತ ತಿಳಿಯಲಿಲ್ಲ.

ಜ್ವರ ಬಿಟ್ಟು ಅಕೌಂಟೆಂಟರು ಕೆಲಸಕ್ಕೆ ಬಂದರು. ಬೆಳಿಗ್ಗೆ ತಮ್ಮ ಮಿಷನ್ ಹಾಕಿದರು, ಹೆಸರು ಒತ್ತಿದರು, ಅವರ ಕೆಲಸ ಅವರು ಮಾಡಿಕೊಂಡರು. ಸಂಜೆ ಪ್ರಿಂಟರ್ ಅವರ ಹೆಸರಿನ ಮುಂದೆ ಒಂದು ಸಾಲು ಹಾಕಿತು. ಮೆಮೊರಿ ಮೊದಲು ಎಂಟು, ಈಗ ಹದಿನಾರು.

ಅವತ್ತು ಸಿಸ್ಟಮ್ ಸರ್ ಇದ್ದರು. ಕಾಗದ ತೋರಿಸಿದೆ. ಅವರು ಎರಡೂ ಫೈಲುಗಳ ಕೊನೆಯ ಸಾಲನ್ನು ತೆಗೆದರು. ವೈರು ಚುಚ್ಚುವ ಕಾರ್ಡಿಗೆ ಅದರದೇ ಒಂದು ನಂಬರ್ ಇರುತ್ತದೆ, ಫ್ಯಾಕ್ಟರಿಯಲ್ಲೇ ಸುಟ್ಟು ಬರೆದದ್ದು, ಮಿಷನ್ ಎಲ್ಲಿಗೆ ಹೋದರೂ ಅದು ಬದಲಾಗದು. ಪ್ರೋಗ್ರಾಂ ಅದನ್ನೂ ಬರೆದಿಡುತ್ತಿತ್ತು, ಹೋಲಿಸುತ್ತಿರಲಿಲ್ಲ. ಹಬ್ಬದ ಮೊದಲು ಅಕ್ಕನ ಹೆಸರಿನಲ್ಲಿದ್ದ ನಂಬರ್ ಈಗ ಅಕೌಂಟೆಂಟರ ಹೆಸರಿನಲ್ಲಿತ್ತು. ಮಿಷನ್ನುಗಳೇ ಅದಲುಬದಲಾಗಿವೆ, ಅಂದರು ಸರ್. ಹೋಲಿಸೋ ಪಟ್ಟಿಗೆ ಇದನ್ನ ಮೊದಲೇ ಹಾಕಬೇಕಿತ್ತು, ಅಂತಲೂ ಅಂದರು. ಹೇಗೆ ಬದಲಾದವು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅಟೆಂಡರಿಗೆ ಫೋನ್ ಮಾಡಿ ಕೇಳಿದೆ. ಪೂಜೆಯ ಕತೆ ಪೂರ್ತಿ ಹೇಳಿದ. ಸೋಪಿನ ನೀರಿಗೆ ಚೀಟಿಗಳೆಲ್ಲ ಬಿದ್ದುಹೋಗಿದ್ದವು. ಒಣಗಿಸಿಟ್ಟುಕೊಂಡು, ಮಿಷನ್ನುಗಳನ್ನು ಟೇಬಲ್ಲುಗಳ ಮೇಲೆ ಕೂರಿಸಿದ ಮೇಲೆ, ಯಾರ ಟೇಬಲ್ಲಿಗೆ ಯಾವ ನಂಬರೋ ಅದನ್ನು ಅಂಟಿಸಿದ್ದ. ಅಕ್ಕ ಬಂದು ತಮ್ಮ ಟೇಬಲ್ಲಿನ ಮೇಲಿದ್ದದ್ದಕ್ಕೆ ತಮ್ಮ ಕವರ್ ಹಾಕಿದ್ದರು.

“ಎಲ್ಲಾ ಒಂದೇ ತರ ಅವೆ. ದೇವರ ಮುಂದೆ ಇಟ್ಟಿದ್ದನ್ನ ಇದು ಯಾರ್ದು, ಅದು ಯಾರ್ದು ಅಂತ ಏನಣ್ಣ ನೋಡೋದು” ಅಂದ.

ಮ್ಯಾನೇಜರ್ ಕಾಗದವನ್ನು ಎರಡು ಸಲ ಓದಿದರು. ಸೋಮವಾರದಿಂದ ಬರೋಕೆ ಹೇಳು ಆ ಯಮ್ಮನಿಗೆ, ಹೆಂಗಿದ್ರೂ ನೀನು ಮಿಷನ್ ಬದಲಾಯಿಸೋಕೆ ಹೋಗ್ತೀಯಲ್ಲ, ಅಂದರು. ಬೇರೇನಾದರೂ ಹೇಳಬೇಕಾ ಸಾರ್, ಅಂದೆ. ಬೇರೇನು, ಅಂದರು.

ಅಕ್ಕನ ಮನೆ ರೀಲಿಂಗ್ ಮನೆಗಳ ಸಾಲಿನಲ್ಲಿ. ಬೆಂದ ಗೂಡಿನ ವಾಸನೆ ಬೀದಿಯ ಮೊದಲಿಗೇ ಬರುತ್ತದೆ. ಬಾಗಿಲಲ್ಲಿ ಅವರ ಅಣ್ಣ ಇದ್ದರು, ಬಿಸಿನೀರಿನಲ್ಲಿ ಬೆರಳು ಬೆಂದು ಬಿಳಿಚಿಕೊಂಡ ಕೈ. ಒಳಗೆ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಯಾರೂ ಏನೂ ಕದ್ದಿಲ್ಲ, ಪೂಜೆಯಲ್ಲಿ ಮಿಷನ್ ಅದಲುಬದಲಾಗಿತ್ತು, ಸೋಮವಾರದಿಂದ ಕಳಿಸಿ, ಅಂತ ನಾನು ಇದ್ದದ್ದು ಇದ್ದಹಾಗೆ ಹೇಳಿದೆ.

“ನನ್ ತಂಗಿ ಕದ್ದಿಲ್ಲ ಅಂತ ನಂಗೆ ಗೊತ್ತಿತ್ತಪ್ಪ. ಅದನ್ನ ನಿಮ್ ಮಿಷನ್ ಹೇಳಿದ ಮೇಲೆ ನಿಮಗೆ ಗೊತ್ತಾಯ್ತು. ಅಂಥ ಕಡೆ ನಾನು ಕಳಿಸಲ್ಲ.”

ಅಕ್ಕ ಒಳಗಿನಿಂದ ಬಂದು ಬಾಗಿಲ ಹಿಂದೆ ನಿಂತರು. ಅಣ್ಣ ಅವರ ಕಡೆ ನೋಡಿದರು. ನೀನೇ ಹೇಳು ಅನ್ನುವ ಹಾಗಿತ್ತು. ಅವರು ಹಟ ಮಾಡುತ್ತಾರೆ ಅಂತ ನಾನು ಕಾದೆ. ಮೊದಲ ಸಲ ಹಟ ಮಾಡಿ ಗೆದ್ದವರಲ್ಲವಾ.

“ಬರಲ್ಲ ಕಣಪ್ಪ” ಅಂದರು. “ಬಂದ್ರೆ ದಿನಾ ಬ್ಯಾಗ್ ಬಿಚ್ಚಿ ತೋರಿಸ್ಬೇಕು ಅನ್ಸುತ್ತೆ. ಯಾರೂ ಕೇಳ್ದಿದ್ರೂ.”

ಡ್ರಾಯರಿನಲ್ಲಿದ್ದ ಅವರ ಊಟದ ಡಬ್ಬಿ, ಒಂದು ಪೆನ್ನು, ಕವರ್ ಎಲ್ಲ ಮೊದಲೇ ಆಫೀಸಿಗೆ ಹೋಗಿ ಚೀಲದಲ್ಲಿ ತಂದಿದ್ದೆ, ಬರಲ್ಲ ಅಂದರೆ ಕೊಡೋಣ ಅಂತ. ಕೊಟ್ಟೆ. ಅವರು ಡಬ್ಬಿ, ಪೆನ್ನು ತೆಗೆದುಕೊಂಡು ಕವರನ್ನು ಚೀಲದಲ್ಲೇ ಬಿಟ್ಟರು. ಅದು ಮಿಷನ್ನಿಂದು, ಮಿಷನ್ನಿಗೇ ಇರಲಿ, ಧೂಳು ಕೂತರೆ ಹಾಳಾಗುತ್ತೆ, ಅಂದರು. ಆಮೇಲೆ, “ಊಟ ಆಯ್ತಾ?” ಅಂದರು.

ಆಯ್ತು ಅಕ್ಕ, ಅಂದೆ. ಆಗಿರಲಿಲ್ಲ. ಬಾಗಿಲಲ್ಲಿ ಅಣ್ಣ ನಿಂತಿದ್ದರು.

ಆಫೀಸಿಗೆ ವಾಪಸ್ ಹೋಗಿ ಎರಡೂ ಮಿಷನ್ನುಗಳನ್ನು ಅವುಗಳ ಜಾಗಕ್ಕೆ ಎತ್ತಿಟ್ಟೆ. ಚೀಟಿಗಳನ್ನು ಈ ಸಲ ಕ್ಯಾಬಿನೆಟ್ಟಿನ ಒಳಗೆ ಅಂಟಿಸಿದೆ. ಹದಿನಾರರ ಮಿಷನ್ನಿನ ಮೇಲೆ ಹಸಿರು ಕವರ್ ಹಾಕಿದೆ.

ಅದಾದ ಮೇಲೂ ದಿನಾ ಸಂಜೆ ಅಕ್ಕನ ಹೆಸರಿನ ಮುಂದೆ ಮಿಸ್ಸಿಂಗ್ ಬರುತ್ತಿತ್ತು. ಹೆಸರು ಪಟ್ಟಿಯಲ್ಲಿ ಇರುವವರೆಗೂ ಪ್ರೋಗ್ರಾಂ ಹುಡುಕುತ್ತಲೇ ಇರುತ್ತದೆ. ಸರ್ ತೆಗೆದುಬಿಡು ಅಂದರು. ನಾಳೆ ತೆಗೆಯುತ್ತೇನೆ ಅನ್ನುತ್ತಿದ್ದೆ. ಕೊನೆಗೆ ಹೊಸ ಆಪರೇಟರನ್ನು ತೆಗೆದುಕೊಂಡರು, ಮುರುಗಮಲ್ಲದ ಕಡೆಯ ಒಬ್ಬರು. ಅವರಿಗೆ ಲಾಗಿನ್ ಬೇಕಲ್ಲ, ಆಗ ತೆಗೆದೆ.

ಅವರು ಸೇರಿದ ದಿನ ಸಂಜೆ ಚಿಂತಾಮಣಿ, ಗೌರಿಬಿದನೂರು ಮುಗಿಸಿ ಫೋನ್ ಮಾಡಿದೆ. ಗುಂಡಿ ಎಲ್ಲಿದೆ ಅಂತ ಹೇಳಿದೆ. ಒತ್ತಿದರು. ಕಿರುಚು ಬಂತು. ಅವರು ಗಾಬರಿಯಾಗಿ ಫೋನ್ ಹಿಡಿದುಕೊಂಡೇ ಇದ್ದರು, ಸಾರ್ ಏನೋ ಕೂಗ್ತಿದೆ ಸಾರ್, ಅಂತ ಅದರ ನಡುವೆ ಕೂಗುತ್ತಿದ್ದರು.

“ಬೆಕ್ಕು ಅದು. ಇಡಿ ಫೋನು” ಅಂದೆ.

“ಏನಂದ್ರಿ ಸಾರ್?”

ಏನಿಲ್ಲ, ಇಡಿ, ಅಂದೆ. ಇಟ್ಟರು. ಸ್ವಲ್ಪ ಹೊತ್ತಿಗೆ ಫೈಲುಗಳು ಬಂದವು. ಪ್ರಿಂಟರ್ ಊರಿನ ಹೆಸರಿನ ಸಾಲೊಂದನ್ನೇ ಹಾಕಿತು. ಶಿಡ್ಲಘಟ್ಟದಲ್ಲಿ ಏನೂ ಬದಲಾಗಿರಲಿಲ್ಲ, ಯಾರೂ ಮಿಸ್ಸಿಂಗ್ ಇರಲಿಲ್ಲ. ಕಾಗದ ಹರಿದು ಮ್ಯಾನೇಜರ್ ಟೇಬಲ್ಲಿನ ಮೇಲಿಟ್ಟು ಮೆಸ್ಸಿಗೆ ಹೋದೆ.